ಕನೆಕ್ಷನ್ ಎಣಿಸಬೇಡಿ, ಉರಿ ಎಣಿಸಿ

ಎಣ್ಮಕಜೆ, ಪೈವಳಿಕೆ, ಬೆಳ್ಳೂರು, ಮೀಂಜ. ಕಾಸರಗೋಡಿನ ಈ ಕಡೆಯ ಹಳೆಯ ತೋಟದ ಮನೆಗಳಲ್ಲಿ ಹಟ್ಟಿಯ ಹಿಂದೆ ಒಮ್ಮೆ ಹೋಗಿ ನೋಡಿ. ಮಣ್ಣಿನಿಂದ ಸ್ವಲ್ಪವೇ ತಲೆ ಎತ್ತಿದ ಒಂದು ಸಿಮೆಂಟಿನ ಗುಮ್ಮಟ ಹಲವು ಕಡೆ ಸಿಗುತ್ತದೆ. ಮೇಲೆ ಪಾಚಿ, ಪಕ್ಕದಲ್ಲಿ ಮಡಲಿನ ರಾಶಿ, ಸೆಗಣಿ ಕಲಸುವ ತೊಟ್ಟಿಯಲ್ಲಿ ಮಳೆನೀರು. ಗ್ಯಾಸ್ ಬರುವ ಪೈಪನ್ನು ಯಾವಾಗಲೋ ಕತ್ತರಿಸಿ ಬಟ್ಟೆ ತುರುಕಿರುತ್ತಾರೆ. ಲೆಕ್ಕದಲ್ಲಿ ಮಾತ್ರ ಅದು ಇವತ್ತಿಗೂ ಒಂದು ಗೋಬರ್ ಗ್ಯಾಸ್ ಪ್ಲಾಂಟ್. ಕಟ್ಟಿದ ವರ್ಷ ಎಣಿಸಿದರು, ಮತ್ತೆ ಆ ಕಡೆ ಯಾರೂ ಬರಲಿಲ್ಲ.

ಇವತ್ತಿನ ಮಾತು ಇದರ ಬಗ್ಗೆಯೇ. ಬಡ ದೇಶಗಳ ಶಕ್ತಿಯ ಸಮಸ್ಯೆ ಅಂದಕೂಡಲೇ ಎಲ್ಲರೂ ಸೋಲಾರ್ ಪ್ಯಾನಲ್ ತೋರಿಸುತ್ತಾರೆ. ಪ್ಯಾನಲ್ ಒಳ್ಳೆಯದೇ, ತಕರಾರಿಲ್ಲ. ಆದರೆ ಜಗತ್ತಿನಲ್ಲಿ ಕರೆಂಟ್ ಇಲ್ಲದವರು ಸುಮಾರು 70 ಕೋಟಿ ಆದರೆ, ಕಟ್ಟಿಗೆ, ಬೆರಣಿ, ಇದ್ದಿಲಿನ ಹೊಗೆಯಲ್ಲಿ ಅಡುಗೆ ಮಾಡುವವರು 200 ಕೋಟಿಗೂ ಹೆಚ್ಚು. ಮೂರು ಪಾಲು! ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ 32 ಲಕ್ಷ ಜನ ಸತ್ತಿದ್ದಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬಲ್ಬು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಒಲೆ ಕಾಣುವುದಿಲ್ಲ. ಅದಕ್ಕೇ ಒಲೆ ಯಾವಾಗಲೂ ಎರಡನೇ ಸಾಲಿನಲ್ಲಿ.

ಒಲೆ ಮೊದಲ ಸಾಲಿಗೆ ಬಂದಾಗಲೂ ನಾವು ಎಣಿಸಿದ್ದು ಎಂತದ್ದು? ಕನೆಕ್ಷನ್. ಉಜ್ವಲಾ ಯೋಜನೆ 2016ರ ಮೇ 1ಕ್ಕೆ ಶುರುವಾಯಿತು, ಹತ್ತು ಕೋಟಿ ದಾಟಿತು. ಸಾಧಾರಣ ಕೆಲಸವಲ್ಲ ಅದು, ಒಪ್ಪಬೇಕು. ಆದರೆ 2019-20ರಲ್ಲಿ ಆ ಮನೆಗಳು ವರ್ಷಕ್ಕೆ ತುಂಬಿಸಿಕೊಂಡದ್ದು ಸರಾಸರಿ ಮೂರು ಸಿಲಿಂಡರ್. ಈಚೆಗೆ ನಾಲ್ಕು ದಾಟಿದೆ. ಅಂದರೆ ಮನೆಯಲ್ಲಿ ಸಿಲಿಂಡರ್ ಉಂಟು, ಅನ್ನ ಬೇಯುವುದು ಕಟ್ಟಿಗೆಯಲ್ಲಿ. ನೆಂಟರು ಬಂದಾಗ ಚಾ ಮಾಡಲಿಕ್ಕೆ ಗ್ಯಾಸ್. ದೇಶಕ್ಕೆ ಬೇಕಾದ ಎಲ್‌ಪಿಜಿಯಲ್ಲಿ ಸುಮಾರು ಶೇ 60 ಹೊರಗಿನಿಂದ ಬರುವುದು, ಹೆಚ್ಚಿನದು ಕೊಲ್ಲಿಯಿಂದ. ಅಲ್ಲಿ ಯುದ್ಧದ ಸುದ್ದಿ ಬಂದರೆ ಇಲ್ಲಿ ಅಡುಗೆಮನೆ ಬಿಸಿಯಾಗುತ್ತದೆ.

ಹಾಗಾದರೆ ಹಟ್ಟಿಯ ಹಿಂದಿನ ಆ ಗುಮ್ಮಟ ಯಾಕೆ ಸತ್ತಿತು? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೇರೆ ಬಡ ದೇಶಗಳಲ್ಲೂ ಸಾಯುವುದು ಹೆಚ್ಚಾಗಿ ಇಂಥ ಕಾರಣಗಳಿಗೆ.

ಮೊದಲ ತಪ್ಪು ಅಳತೆಯದ್ದು. ಒಂದು ಕಿಲೋ ಹಸಿ ಸೆಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. 25 ಕಿಲೋ ಹಾಕಿದರೆ ದಿನಕ್ಕೆ ಒಂದು ಘನ ಮೀಟರ್. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಅಂದರೆ 430 ಗ್ರಾಂ ಎಲ್‌ಪಿಜಿಗೆ ಸಮ. ಲೆಕ್ಕ ಹಾಕಿ: 14.2 ಕಿಲೋದ ಒಂದು ಸಿಲಿಂಡರಿನ ಕೆಲಸ 33 ದಿನದಲ್ಲಿ ಆಯಿತು. ನಾಲ್ಕು ಜನರ ಮನೆಗೆ ಹೆಚ್ಚುಕಮ್ಮಿ ಸಾಕು. ಆದರೆ ದೊಡ್ಡ ಟ್ಯಾಂಕಿಗೆ ದೊಡ್ಡ ಸಬ್ಸಿಡಿ, "ಹೇಗೂ ಕಟ್ಟುತ್ತೇವೆ, ದೊಡ್ಡದೇ ಆಗಲಿ" ಎಂದು ದಿನಕ್ಕೆ ನಾಲ್ಕು ಘನ ಮೀಟರ್ ಗ್ಯಾಸ್ ಕೊಡುವಂಥದ್ದು ಕಟ್ಟಿದರು. ಅದಕ್ಕೆ ದಿನಕ್ಕೆ ನೂರು ಕಿಲೋ ಸೆಗಣಿ ಬೇಕು. ನಮ್ಮ ಕಾಸರಗೋಡು ಗಿಡ್ಡ ತಳಿಯ ದನ ಹಾಕುವುದು ದಿನಕ್ಕೆ ಐದರಿಂದ ಎಂಟು ಕಿಲೋ. ಜರ್ಸಿ ಮಿಶ್ರತಳಿಯಾದರೂ ಹದಿನೈದು ಇಪ್ಪತ್ತು, ಅದರಲ್ಲೂ ಹೊರಗೆ ಮೇಯಲು ಬಿಟ್ಟರೆ ಅರ್ಧ ಗುಡ್ಡೆಯಲ್ಲೇ ಬಿತ್ತು. ಹಟ್ಟಿಯಲ್ಲಿ ಎರಡೇ ದನ ಇದ್ದರೆ ಆ ಟ್ಯಾಂಕಿಗೆ ಅದು ಅರೆಹೊಟ್ಟೆ. ಗ್ಯಾಸ್ ಕಮ್ಮಿ ಹುಟ್ಟುತ್ತದೆ, ಮೇಲೆ ಕೆನೆ ಕಟ್ಟಿ ಒಣಗುತ್ತದೆ, ಒತ್ತಡ ಬರುವುದಿಲ್ಲ, ಉರಿ ನೀಲಿ ಬೊಟ್ಟಿನ ಹಾಗೆ ಕುಣಿದು ಆರುತ್ತದೆ. ಮನೆಯವರು "ಇದು ಪ್ರಯೋಜನ ಇಲ್ಲ ಮಾರಾಯ್ರೆ" ಅನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ.

ಎರಡನೆಯದು ನೀರು. ಸೆಗಣಿ ಒಂದು ಪಾಲು, ನೀರು ಒಂದು ಪಾಲು. ಹದ ಹೇಗಿರಬೇಕೆಂದರೆ ಉದ್ದಿನ ದೋಸೆಯ ಹಿಟ್ಟಿನ ಹಾಗೆ. ನೀರುದೋಸೆ ಹಿಟ್ಟಿನಷ್ಟು ತೆಳುವಾದರೆ ಕೆಟ್ಟಿತು. ಈಗ ಹಟ್ಟಿಗೆ ರಬ್ಬರ್ ಮ್ಯಾಟ್ ಬಂದಿದೆ, ಪೈಪು ಹಿಡಿದು ತೊಳೆಯುತ್ತಾರೆ, ತೊಳೆದ ನೀರೆಲ್ಲ ಸೀದಾ ಟ್ಯಾಂಕಿಗೆ. ಚೊಕ್ಕ ಕೆಲಸವೇ, ಆದರೆ ಟ್ಯಾಂಕಿನ ಲೆಕ್ಕ ನೋಡಿ. 4,000 ಲೀಟರ್ ಹಿಡಿಯುವ ಟ್ಯಾಂಕಿಗೆ ದಿನಕ್ಕೆ 50 ಕಿಲೋ ಸೆಗಣಿ, 50 ಲೀಟರ್ ನೀರು ಹಾಕಿದರೆ ಒಳಗೆ ಹೋದದ್ದು ಹೊರಗೆ ಬರಲು 40 ದಿನ. ಅದೇ 50 ಕಿಲೋಗೆ 200 ಲೀಟರ್ ನೀರು ಬಿಟ್ಟರೆ 16 ದಿನಕ್ಕೇ ಹೊರಗೆ. ಗ್ಯಾಸ್ ಮಾಡುವ ಸೂಕ್ಷ್ಮಾಣುಗಳು ನಿಧಾನವಾಗಿ ಹೆಚ್ಚುವಂಥವು, ಅವು ಹುಟ್ಟಿ ಬೆಳೆಯುವ ಮೊದಲೇ ಕೊಚ್ಚಿಹೋಗುತ್ತವೆ. ಹೊರಗೆ ಬಂದ ಸ್ಲರಿಯಲ್ಲಿ, ಅಂದರೆ ಗ್ಯಾಸ್ ಕೊಟ್ಟು ಉಳಿದ ಸೆಗಣಿ ನೀರಿನಲ್ಲಿ, ಇನ್ನೂ ಹಸಿ ಸೆಗಣಿಯ ನಾತ ಇದ್ದರೆ ಇದೇ ರೋಗ ಅಂತ ತಿಳಿಯಿರಿ. ಸರಿಯಾಗಿ ಕೊಳೆತ ಸ್ಲರಿಗೆ ನಾತವಿಲ್ಲ, ನೊಣವೂ ಕೂರುವುದಿಲ್ಲ. ಉಪಾಯ ಸುಲಭ: ಮೊದಲು ಹಾರೆಯಲ್ಲೋ ಹಾಳೆಯಲ್ಲೋ ಸೆಗಣಿ ತೆಗೆದು ತೊಟ್ಟಿಗೆ ಹಾಕಿ, ತೊಳೆದ ನೀರಿಗೆ ಬೇರೆ ಚರಂಡಿ ಮಾಡಿ ತೋಟಕ್ಕೆ ಬಿಡಿ. ಫಿನಾಯಿಲ್ ಹಾಕಿ ತೊಳೆದ ನೀರಂತೂ ಟ್ಯಾಂಕಿನ ಹತ್ತಿರವೂ ಹೋಗಬಾರದು.

ಮೂರನೆಯದು ಸೊಪ್ಪು. ಹಟ್ಟಿಗೆ ಸೊಪ್ಪು ಹಾಸಿ ತುಳಿಸಿ ಗೊಬ್ಬರ ಮಾಡುವುದು ನಮ್ಮ ಕಡೆಯ ಹಳೆಯ ಕ್ರಮ, ಅಡಿಕೆಗೆ ಅದು ಬೇಕೂ ಬೇಕು. ಆದರೆ ಸೊಪ್ಪು ಬೆರೆತ ಸೆಗಣಿ ಟ್ಯಾಂಕಿಗೆ ಹೋದರೆ ನಾರು ಮೇಲೆ ತೇಲಿ ಚಾಪೆಯ ಹಾಗೆ ಹೆಣೆದುಕೊಳ್ಳುತ್ತದೆ, ಅಡಿಯ ಗ್ಯಾಸ್ ಮೇಲೆ ಬರುವುದಿಲ್ಲ. ಮುರಕಲ್ಲಿನ ಹೊಯಿಗೆ ಸೇರಿದರೆ ಅದು ಅಡಿಯಲ್ಲಿ ಕೂತು ವರ್ಷದಿಂದ ವರ್ಷಕ್ಕೆ ಟ್ಯಾಂಕನ್ನೇ ಚಿಕ್ಕದು ಮಾಡುತ್ತದೆ. ಕಲಸಿದ ಮೇಲೆ ಒಂದೆರಡು ನಿಮಿಷ ಬಿಟ್ಟು, ಹೊಯಿಗೆ ತೊಟ್ಟಿಯ ಅಡಿಗೆ ಕೂತ ಮೇಲೆ ಬಿರಡೆ ತೆಗೆಯಬೇಕು. ಎರಡು ನಿಮಿಷದ ತಾಳ್ಮೆ, ಹತ್ತು ವರ್ಷದ ಆಯುಷ್ಯ. ಅಡುಗೆಮನೆಯ ಉಳಿಕೆ ಹಾಕಬಹುದು, ಅನ್ನ, ತಿಳಿ ಎಲ್ಲ ಸೆಗಣಿಗಿಂತ ಜಾಸ್ತಿ ಗ್ಯಾಸ್ ಕೊಡುತ್ತವೆ. ಹಾಗೆಂದು ಮದುವೆ ಮನೆಯ ಉಳಿದ ಅನ್ನವನ್ನೆಲ್ಲ ಒಂದೇ ದಿನ ಸುರಿದರೆ ಒಳಗೆ ಹುಳಿಯಾಗುತ್ತದೆ, ಗ್ಯಾಸ್ ಬರುತ್ತದೆ ಆದರೆ ಉರಿಯುವುದಿಲ್ಲ. ಆಗ ನಾಲ್ಕೈದು ದಿನ ಏನೂ ಹಾಕದೆ ಬಿಟ್ಟು, ಸ್ವಲ್ಪ ಸುಣ್ಣದ ತಿಳಿನೀರು ಕೊಟ್ಟು, ಮತ್ತೆ ಬರೀ ಸೆಗಣಿಯಿಂದ ಶುರುಮಾಡಬೇಕು.

ಇನ್ನು ಪೈಪು. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಪ್ಲಾಂಟ್ ಸಾಯುವುದು ಇಲ್ಲಿ, ಮತ್ತು ಅತಿ ಸಣ್ಣ ಕಾರಣಕ್ಕೆ. ಟ್ಯಾಂಕಿನಿಂದ ಬರುವ ಗ್ಯಾಸಿನಲ್ಲಿ ನೀರಿನ ಆವಿ ತುಂಬಿರುತ್ತದೆ. ಹೊರಗಿನ ಪೈಪು ತಂಪಾದಾಗ ಅದು ಹನಿಗಟ್ಟಿ ಪೈಪು ಎಲ್ಲಿ ತಗ್ಗಾಗಿದೆಯೋ ಅಲ್ಲಿ ನಿಲ್ಲುತ್ತದೆ. ಉರಿ ಬಿಟ್ಟು ಬಿಟ್ಟು, ಗುಳುಗುಳು ಶಬ್ದ ಮಾಡಿ ಬರುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ ಅಂತ ಅರ್ಥ. ನೂರಕ್ಕೆ ಒಂದರ ಇಳಿಜಾರಿನಲ್ಲಿ, ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್, ಪೈಪು ಎಳೆದು ಅತಿ ತಗ್ಗಿನಲ್ಲಿ ಒಂದು ಟೀ ಜಾಯಿಂಟ್, ಒಂದು ಸಣ್ಣ ನಳ್ಳಿ ಕೊಟ್ಟರೆ ಆಯಿತು. ವಾರಕ್ಕೊಮ್ಮೆ ತಿರುಗಿಸಿ ನೀರು ಬಿಡುವುದು. ಆ ನಳ್ಳಿಯ ಬೆಲೆ ಒಂದು ಊಟದಷ್ಟು. ಅದಿಲ್ಲದೆ ಸಾವಿರಾರು ರೂಪಾಯಿಯ ಟ್ಯಾಂಕ್ ಮೂಲೆಗೆ ಬಿದ್ದದ್ದುಂಟು. ಒಲೆಯೂ ಬೇರೆಯೇ ಬೇಕು. ಎಲ್‌ಪಿಜಿ ಒಲೆಯ ಜೆಟ್ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು, ಗೋಬರ್ ಗ್ಯಾಸಿಗೆ ಎರಡು ಮಿಲಿಮೀಟರ್ ಸುಮಾರಿನದ್ದು ಬೇಕು, ಯಾಕೆಂದರೆ ಇದರಲ್ಲಿ ಉರಿಯುವ ಮೀಥೇನ್ ಶೇ 55–60 ಮಾತ್ರ, ಒತ್ತಡವೂ ಕಮ್ಮಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸೋರುತ್ತಿದೆ. ಸಾಬೂನು ನೊರೆ ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ, ಬೆಂಕಿಕಡ್ಡಿ ಗೀರಿ ನೋಡಬೇಡಿ. ಮತ್ತೊಂದು ಮಾತು, ಇದನ್ನು ಎರಡು ಸಲ ಕೇಳಿಸಿಕೊಳ್ಳಿ: ಎಷ್ಟೇ ವರ್ಷದಿಂದ ಬಿದ್ದಿದ್ದರೂ ಟ್ಯಾಂಕಿನ ಒಳಗೆ ಯಾರೂ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇಲ್ಲ, ವಿಷ ಉಂಟು. ಮೊದಲು ಇಳಿದವರನ್ನು ಎತ್ತಲು ಹೋದವರೂ ಹೋಗುತ್ತಾರೆ.

ಹೊಸದಾಗಿ ಶುರುಮಾಡುವವರಿಗೆ ಒಂದು ವಿಷಯ. ಮೊದಲ ಸಲ ತುಂಬಿಸಲು, ದಿನಕ್ಕೆ ಎರಡು ಘನ ಮೀಟರ್ ಗ್ಯಾಸ್ ಕೊಡುವ ಟ್ಯಾಂಕಿಗೆ ಸುಮಾರು ಎರಡು ಟನ್ ಸೆಗಣಿ ಬೇಕು, ನೆರೆಕರೆಯ ಹಟ್ಟಿಗಳಿಂದ ತರಬೇಕು. ನಡೆಯುತ್ತಿರುವ ಪ್ಲಾಂಟಿನ ಸ್ಲರಿ ನಾಲ್ಕು ಕೊಡ ಹೆಪ್ಪಿನ ಹಾಗೆ ಹಾಕಿದರೆ ಬೇಗ ಹಿಡಿಯುತ್ತದೆ. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ, ಹೊರಗೆ ಬಿಡಿ, ಎರಡು ಮೂರು ವಾರ ಕಾಯಿರಿ. ಇದನ್ನು ಮೊದಲೇ ಹೇಳದ ಕಾರಣ ಒಂದನೇ ವಾರದಲ್ಲೇ ಕೈಬಿಟ್ಟವರಿದ್ದಾರೆ. ನಮಗೆ ಸೆಕೆ ಒಂದು ವರ. ಹಿಮಾಲಯದ ಬುಡದಲ್ಲಿ ಚಳಿಗಾಲಕ್ಕೆ ಗ್ಯಾಸ್ ಅರ್ಧಕ್ಕಿಳಿಯುತ್ತದೆ, ಟ್ಯಾಂಕಿನಲ್ಲಿ 55 ದಿನ ಇರಿಸಬೇಕು. ನಮ್ಮಲ್ಲಿ 30–40 ದಿನ ಸಾಕು. ಪೂರ್ವ ಆಫ್ರಿಕದ ಕರಾವಳಿಗೂ ಆಗ್ನೇಯ ಏಷ್ಯಾಕ್ಕೂ ಇದೇ ಅನುಕೂಲ.

ಮತ್ತೆ, ಸೋರುವ ಅಥವಾ ಉರಿಸದೆ ಬಿಟ್ಟ ಪ್ಲಾಂಟ್ ಬರೀ ದಂಡವಲ್ಲ, ಪಾಪವೂ ಹೌದು. ಮೀಥೇನ್ ಹಾಗೇ ಮೇಲೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 28 ಪಾಲು ಬಿಸಿ ಹೆಚ್ಚಿಸುತ್ತದೆ. "ಹಸಿರು ಶಕ್ತಿ" ಅಂತ ಬೋರ್ಡು ಹಾಕಿದ ಕೂಡಲೇ ಹಸಿರಾಗುವುದಿಲ್ಲ, ಉರಿದರೆ ಮಾತ್ರ.

ಗ್ಯಾಸ್ ಹೆಚ್ಚಿಸುವ ಮಾತು ಬಿಟ್ಟು ಈಗ ಖರ್ಚು ಕಮ್ಮಿ ಮಾಡುವ ಮಾತು. ನಮ್ಮ ಅಡುಗೆಯಲ್ಲಿ ಅತಿ ಹೆಚ್ಚು ಉರಿ ತಿನ್ನುವುದು ಕುಚ್ಚಲಕ್ಕಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇದಕ್ಕೆ ನಮ್ಮ ರಾಜ್ಯದಲ್ಲೇ ಹಳೆಯ ಉತ್ತರವಿದೆ. ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಸಂಘಟನೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಊರೂರಿಗೆ ಹಂಚಿದ ಚೂಡಾರಪ್ಪೆಟ್ಟಿ, ಬಿಸಿ ಆರದ ಪೆಟ್ಟಿಗೆ. ಅಂಗಡಿಯಲ್ಲಿ ಸಿಗುವ ಸ್ಟೀಲಿನ ಎರಡು ಪದರದ ರೈಸ್ ಕುಕ್ಕರ್ ಅದೇ ಜಾತಿಯದ್ದು. ಅಕ್ಕಿ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಯಬೇಕು, ಮುಚ್ಚಳ ಹಾಕಿ ಪಾತ್ರೆ ಸಮೇತ ಪೆಟ್ಟಿಗೆಯೊಳಗೆ ಇಟ್ಟು ಒಂದರಿಂದ ಒಂದೂವರೆ ಗಂಟೆ ಮರೆತುಬಿಡಬೇಕು. ಮತ್ತೆ ತಿಳಿ ಬಗ್ಗಿಸಿದರಾಯಿತು. ಅರ್ಧಕ್ಕಿಂತ ಹೆಚ್ಚು ಗ್ಯಾಸ್ ಉಳಿತಾಯ. ತಪ್ಪುವುದು ಎಲ್ಲಿ? ದೊಡ್ಡ ಪಾತ್ರೆಯಲ್ಲಿ ಒಂದು ಪಾವು ಅಕ್ಕಿ ಹಾಕಿದರೆ ಬಿಸಿ ನಿಲ್ಲುವುದಿಲ್ಲ, ಮುಕ್ಕಾಲು ಪಾತ್ರೆಯಾದರೂ ತುಂಬಿರಬೇಕು. ಬೆಂದಿತೋ ಎಂದು ನಡುವೆ ಮುಚ್ಚಳ ತೆಗೆದು ನೋಡುವ ಅಭ್ಯಾಸವೂ ಕೆಡಿಸುತ್ತದೆ. ಇದಕ್ಕೆ ಯಂತ್ರವಿಲ್ಲ, ಕರೆಂಟಿಲ್ಲ, ರಿಪೇರಿ ಇಲ್ಲ. ಹಾಗಾಗಿ ಉದ್ಘಾಟನೆಯೂ ಇಲ್ಲ.

ಯಾವ ಕೆಲಸ ಆಗಬೇಕು ಎಂದು ಮೊದಲು ಕೇಳಿ, ಆಮೇಲೆ ಯಾವ ಶಕ್ತಿ ಎಂದು ನೋಡಿ — ಇದನ್ನು ಕನ್ನಡನಾಡಿನಲ್ಲಿ ಗಟ್ಟಿಯಾಗಿ ಹೇಳಿದವರು ಅಮೂಲ್ಯ ಕೆ. ಎನ್. ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ತಂಡ ಕಟ್ಟಿದವರು. ಅಸ್ತ್ರ ಒಲೆ ಅಂದರೆ ಹಳಬರಿಗೆ ನೆನಪಾದೀತು. ಅವರ ತಂಡ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ದೊಡ್ಡ ಗೋಬರ್ ಗ್ಯಾಸ್ ಮಾಡಿತು. ಮೊದಲು ಅಡುಗೆಗೆಂದು ಹೊರಟರು, ಊರಿನ ಸೆಗಣಿ ಎಲ್ಲ ಮನೆಯ ಅಡುಗೆಗೆ ಸಾಲಲಿಲ್ಲ, ನಿಂತುಹೋಯಿತು. ಜನರಿಗೆ ಮೊದಲು ಬೇಕಾದದ್ದು ನೀರು ಎಂದು ಆಮೇಲೆ ಗೊತ್ತಾಯಿತು. 1987ರ ಹೊತ್ತಿಗೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ನೀರೆತ್ತಿ, ದೀಪ ಉರಿಸಿದರು. ಸೆಗಣಿ ತಂದವರಿಗೆ ದುಡ್ಡು, ಸ್ಲರಿ ವಾಪಸ್. ಅದು ನಡೆಯಿತು. ಸೋತ ಪ್ರಯತ್ನವನ್ನು ಮುಚ್ಚಿಡದೆ ಹೇಳಿದ್ದು ನನಗೆ ಈ ಕತೆಯಲ್ಲಿ ಹೆಚ್ಚು ಇಷ್ಟ.

ನೀರಿನ ಮಾತು ಬಂತಲ್ಲ. ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಮರ. ಪೈಪು ಹಿಡಿದು ಬುಡಕ್ಕೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಬಿಟ್ಟರೆ ದಿನಕ್ಕೆ 27,500 ಲೀಟರ್. ನೂರು ಮೀಟರ್ ಆಳದ ಬೋರಿನಿಂದ ಎತ್ತಲು, ಮೋಟಾರು ಪಂಪು ಸೇರಿ ಶೇ 35 ಕೆಲಸ ಕೊಟ್ಟರೆ, 21 ಯೂನಿಟ್ ಬೇಕು. ಡ್ರಿಪ್ಪಿನಲ್ಲಿ ಮರಕ್ಕೆ 18 ಲೀಟರ್, ಒಟ್ಟು 10,000 ಲೀಟರ್, ಎಂಟು ಯೂನಿಟ್. ಅಂದರೆ ಐದು ಕಿಲೋವಾಟಿನ ಸೋಲಾರ್ ಪಂಪು ಕೇಳುವ ತೋಟಕ್ಕೆ ಎರಡು ಕಿಲೋವಾಟ್ ಸಾಕಾಯಿತು. ಗುಡ್ಡೆಯಲ್ಲಿ ಸುರಂಗ ಇರುವವರಿಗೆ? ಸೊನ್ನೆ. ಬಾಯಾರು, ಪಡ್ರೆ ಕಡೆ ಮುರಕಲ್ಲಿನ ಗುಡ್ಡೆಗೆ ಒಬ್ಬ ಮನುಷ್ಯ ನಿಂತು ಹೋಗುವಷ್ಟು ಅಡ್ಡ ಕೊರೆದು, ಹೊರಗಿನ ಕಡೆಗೆ ತುಸು ಇಳಿಜಾರು ಕೊಟ್ಟು, ಮೊದಲು ಅಡಿಕೆ ದಂಬೆಯಲ್ಲಿ, ಈಗ ಪಿವಿಸಿಯಲ್ಲಿ ನೀರು ತರುತ್ತಾರೆ. ತೋಟಕ್ಕಿಂತ ಎತ್ತರದಲ್ಲಿ ಕೆರೆಯೋ ಟಾಂಕಿಯೋ ಇದ್ದರೆ ಸ್ಪ್ರಿಂಕ್ಲರೂ ತಿರುಗುತ್ತದೆ. ಬೇಸಗೆಯಲ್ಲಿ ಎಳೆ ಸಣ್ಣದಾಗುತ್ತದೆ, ಒಳಗೆ ಜರಿದ ಮಣ್ಣು ವರ್ಷವೂ ತೆಗೆಯಬೇಕು. ತೆಗೆಯುವವರು ಸಿಗದೆ ಬಿಟ್ಟ ಸುರಂಗಗಳಿವೆ, ಅದರ ಬದಿಯಲ್ಲೇ ಹೊಸ ಬೋರು. ಗೋಬರ್ ಗ್ಯಾಸಿನ ಕತೆಯೇ ಇದು ಕೂಡ.

ದನ ಇಲ್ಲದ ಮನೆಗೆ ಎಂತ ಮಾಡುವುದು? ಅಂಥ ಮನೆಗಳೇ ಈಗ ಹೆಚ್ಚು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಕರೆಂಟು ಇರುವಲ್ಲಿ ಇಂಡಕ್ಷನ್ ಸರಿಯಾದ ದಾರಿ. ಒಂದು ಸಿಲಿಂಡರಿನ ಅಡುಗೆಗೆ ಸುಮಾರು 120 ಯೂನಿಟ್. ಕೇರಳ 2017ರ ಮೇಯಲ್ಲೇ ಪೂರ್ಣ ವಿದ್ಯುದೀಕರಣ ಘೋಷಿಸಿದೆ. ಆದರೆ ಮೇ ತಿಂಗಳ ಸಿಡಿಲಿಗೂ ಜೂನಿನ ಗಾಳಿಗೂ ಲೈನಿನ ಮೇಲೆ ಮರ ಬಿದ್ದಾಗ ಎರಡು ದಿನ ಆ ಒಲೆ ಬರೀ ಕಪ್ಪು ಗಾಜು. ಆದ್ದರಿಂದ ಎರಡು ಒಲೆ ಇಟ್ಟುಕೊಳ್ಳುವುದು ಬಡತನವಲ್ಲ, ಬುದ್ಧಿ. ಬಾಂಗ್ಲಾದೇಶ 2003ರಿಂದ 40 ಲಕ್ಷಕ್ಕೂ ಹೆಚ್ಚು ಮನೆಗೆ ಸಣ್ಣ ಸೋಲಾರ್ ಕೊಟ್ಟಿತು, ಹಿಂದಿನಿಂದಲೇ ಕರೆಂಟಿನ ಲೈನು ಬಂದು ಬಹಳಷ್ಟು ಮೂಲೆಗೆ ಬಿದ್ದವು. ಬ್ಯಾಟರಿಯ ಆಯುಷ್ಯವೂ ಮೂರರಿಂದ ಐದು ವರ್ಷ. ಅದನ್ನು ಬದಲಿಸುವ ದುಡ್ಡು ಯಾರ ಕಿಸೆಯಿಂದ ಎಂದು ಮೊದಲ ದಿನವೇ ಬರೆದಿಡಬೇಕಿತ್ತು.

ರಿಪೇರಿಯವರು ಯಾರು? ನೇಪಾಳ 1992ರಲ್ಲಿ ಶುರುಮಾಡಿದ ಗೋಬರ್ ಗ್ಯಾಸ್ ಕಾರ್ಯಕ್ರಮದಲ್ಲಿ ಕಟ್ಟಿದ ಕಂಪನಿಯೇ ಆಮೇಲೂ ಬಂದು ನೋಡಬೇಕು, ಮಾದರಿಗೆಂದು ಕೆಲವನ್ನು ತಪಾಸಣೆ ಮಾಡಿ ತಪ್ಪಿದ್ದರೆ ದಂಡ ಹಾಕುವುದು ಎಂದು ಇಟ್ಟರು. ನಮ್ಮ ಪಂಚಾಯತ್‌ಗಳಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಪ್ಲಾಸ್ಟಿಕ್ಕಿಗೆಂದು ಮನೆ ಮನೆಗೆ ಹೇಗೂ ಬರುತ್ತಾರೆ, ತಿಂಗಳ ಶುಲ್ಕವೂ ಉಂಟು. ಪಂಚಾಯತ್‌ಗೆ ಇಬ್ಬರಿಗೆ ಒಂದು ವಾರ ಕಲಿಸಿ, ಒಂದು ಚೀಲದಲ್ಲಿ ಎರಡು ಸ್ಪ್ಯಾನರ್, ಟೆಫ್ಲಾನ್ ಟೇಪ್, ನಾಲ್ಕು ನಳ್ಳಿ, ಒಲೆಯ ಜೆಟ್, ಸಾಬೂನು ಕೊಟ್ಟರೆ ಹೆಚ್ಚಿನ ದೂರುಗಳು ಅಲ್ಲಿಗೇ ಮುಗಿಯುತ್ತವೆ. ಸಬ್ಸಿಡಿಯಲ್ಲಿ ಅರ್ಧ ಕಟ್ಟಿದಾಗ ಕೊಡಿ. ಉಳಿದ ಅರ್ಧ ಮೂರು ವರ್ಷ, ವರ್ಷಕ್ಕೊಂದು ಕಂತು, ಉರಿ ನೋಡಿ ಕೊಡಿ. ಮೇಸ್ತ್ರಿಗೂ ಪಾಲು, ಮನೆಯವರಿಗೂ ಪಾಲು.

ಉರಿ ನೋಡುವುದಕ್ಕೆ ಮೀಟರು ಗೀಟರು ಬೇಡ. ಒಂದು ಪಾತ್ರೆಯಲ್ಲಿ ಎರಡು ಲೀಟರ್ ನೀರು ಇಟ್ಟು ಒಲೆ ಹಚ್ಚಿ. ಗಂಟೆಗೆ 450 ಲೀಟರ್ ಗ್ಯಾಸ್ ಎಳೆಯುವ ಬರ್ನರಿನಲ್ಲಿ ಅದು ಏಳೆಂಟು ನಿಮಿಷಕ್ಕೆ ಕುದಿಯಬೇಕು. ಹತ್ತು ದಾಟಿದರೆ ಜೆಟ್ ನೋಡಿ, ಪೈಪು ನೋಡಿ, ತೊಟ್ಟಿಯ ಹದ ನೋಡಿ. ಮತ್ತೆ ಈ ಪರೀಕ್ಷೆಗೆ ಜನವರಿಯ ಬಿಸಿಲಿನಲ್ಲಿ ಬರಬೇಡಿ. ಆಟಿ ತಿಂಗಳಲ್ಲಿ ಬನ್ನಿ, ಮಳೆ ಹೊಯ್ಯುತ್ತಿರುವಾಗ. ಪೈಪಿನಲ್ಲಿ ನೀರು ನಿಂತಿದೆಯೋ, ತೊಟ್ಟಿಗೆ ಮಾಡಿನ ನೀರು ಬೀಳುತ್ತಿದೆಯೋ, ಸ್ಲರಿಯ ಗುಂಡಿ ತುಂಬಿ ಹಿಂದಕ್ಕೆ ಒತ್ತುತ್ತಿದೆಯೋ, ಎಲ್ಲ ಆಗಲೇ ಗೊತ್ತಾಗುವುದು.